ಕರ್ತವ್ಯಕ್ಕೆ ಅಡ್ಡಿ ಎಂದರೇನು?

ಕಳೆದ ಬೇಸಗೆ ರಜೆಯಲ್ಲಿ ನಮ್ಮೂರ ವೃತ್ತದಲ್ಲಿ ಪೋಲೀಸರು ನನ್ನ ಅಣ್ಣನ ಬೈಕನ್ನು ತಡೆದರು. ಹೆಲ್ಮೆಟ್ ಇರಲಿಲ್ಲ, ತಪ್ಪು ಅವನದೇ. ದಂಡದ ವಿಚಾರದಲ್ಲಿ ಮಾತಿಗೆ ಮಾತು ಬೆಳೆಯಿತು. ಪೇದೆಯೊಬ್ಬರು ಅವನ ರಟ್ಟೆ ಹಿಡಿದೆಳೆದು, "ಕರ್ತವ್ಯಕ್ಕೆ ಅಡ್ಡಿ ಅಂತ ಕೇಸು ಹಾಕಿದರೆ ಸರ್ಕಾರಿ ನೌಕರಿ ಆಸೆ ಬಿಡಬೇಕಾಗುತ್ತೆ" ಎಂದರು. ಅಣ್ಣ ಆಗ ನೌಕರಿಯ ಪರೀಕ್ಷೆಗೆ ಓದುತ್ತಿದ್ದ. ದಂಡ ಕಟ್ಟಿ ಮನೆಗೆ ಬಂದವನು ಆ ರಾತ್ರಿ ಊಟ ಮಾಡಲಿಲ್ಲ. ಆ ಮಾತಿನ ಅರ್ಥವನ್ನು ತಿಳಿಯಲೆಂದೇ ನಾನು ಕಾನೂನಿನ ಪುಸ್ತಕ ತೆರೆದೆ.

1988ರ ಮೋಟಾರು ವಾಹನಗಳ ಕಾಯಿದೆಯ 130ನೆಯ ಕಲಮಿನಂತೆ, ಸಮವಸ್ತ್ರದಲ್ಲಿರುವ ಪೋಲೀಸರು ಕೇಳಿದಾಗ ಚಾಲಕನು ಲೈಸೆನ್ಸು ತೋರಿಸಲೇಬೇಕು. ನ್ಯಾಯವಾದ ಆದೇಶವನ್ನು ಬೇಕೆಂದೇ ಮೀರಿದರೆ, ಬೇರೆ ಶಿಕ್ಷೆ ಹೇಳಿಲ್ಲದ ಪಕ್ಷದಲ್ಲಿ, 179ನೆಯ ಕಲಮಿನಂತೆ 2,000 ರೂಪಾಯಿವರೆಗೆ ದಂಡ.

ಇದಕ್ಕಿಂತ ಗುರುತರವಾದವು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಎರಡು ಕಲಮುಗಳು. ಸರ್ಕಾರಿ ನೌಕರನ ಕೆಲಸಕ್ಕೆ ಬೇಕೆಂದೇ ಅಡ್ಡಿಪಡಿಸಿದರೆ 221ರಂತೆ ಮೂರು ತಿಂಗಳವರೆಗೆ ಸೆರೆ, ಅಥವಾ 2,500 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆ ಅಧಿಕಾರಿಯಾಗಲಿ ಅವರ ಮೇಲಧಿಕಾರಿಯಾಗಲಿ ಆ ಅಧಿಕಾರಿಯಿಂದ ಅಧಿಕಾರ ಪಡೆದ ಬೇರೆ ಸರ್ಕಾರಿ ನೌಕರನಾಗಲಿ ಲಿಖಿತ ದೂರು ಕೊಟ್ಟರೆ ಮಾತ್ರ ನ್ಯಾಯಾಲಯ ಇದನ್ನು ವಿಚಾರಣೆಗೆ ತೆಗೆದುಕೊಳ್ಳುತ್ತದೆ. ಕರ್ತವ್ಯನಿರತ ನೌಕರನ ಮೇಲೆ ಹಲ್ಲೆ ಅಥವಾ ಬಲಪ್ರಯೋಗ ನಡೆದರೆ 132ರಂತೆ ಎರಡು ವರ್ಷಗಳವರೆಗೆ ಸೆರೆ ಆಗಬಹುದು. ಹಳೆಯ ದಂಡಸಂಹಿತೆಯಲ್ಲಿ ಇವು 186 ಮತ್ತು 353.

ಇಲ್ಲಿ ವಾಚಕರು ಒಂದು ಮಾತನ್ನು ಗಮನಿಸಬೇಕು. ಬರಿಯ ಮಾತು ಹಲ್ಲೆಯಲ್ಲವೆಂದು ಸಂಹಿತೆಯೇ ಹೇಳುತ್ತದೆ. 2013ರಲ್ಲಿ ಬೆಂಗಳೂರಿನ ದಂಪತಿಗಳು ಸಂಚಾರ ಪೋಲೀಸರ ಫೇಸ್‌ಬುಕ್ ಪುಟದಲ್ಲಿ ಅವರ ವರ್ತನೆಯನ್ನು ದೂರಿ ಬರೆದಾಗ, 353ರ ಮೊಕದ್ದಮೆ ದಾಖಲಾಯಿತು. ಬರೆದದ್ದು ಹಲ್ಲೆಯೂ ಅಲ್ಲ, ಬಲಪ್ರಯೋಗವೂ ಅಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2015ರ ಜನವರಿಯಲ್ಲಿ ಅದನ್ನು ರದ್ದುಮಾಡಿತು. ಹಾಗೆಂದು ನಾಲಗೆ ಹರಿಯಬಿಡಬಾರದು. ಬೆದರಿಕೆ, ಅವಮಾನಗಳಿಗೆ ಬೇರೆ ಕಲಮುಗಳುಂಟು.

ಪೋಲೀಸರ ಕೈಗೂ ಮಿತಿಯುಂಟು. ದಸ್ತಗಿರಿಯನ್ನು ಬಲದಿಂದ ಎದುರಿಸಿದವನ ಮೇಲೆ ಅಗತ್ಯವಾದಷ್ಟು ಬಲ ಬಳಸಬಹುದು. ಆದರೆ ದಸ್ತಗಿರಿಯಾದವನನ್ನು, ತಪ್ಪಿಸಿಕೊಳ್ಳದಂತೆ ತಡೆಯಲು ಬೇಕಾದುದಕ್ಕಿಂತ ಹೆಚ್ಚು ನಿರ್ಬಂಧಿಸಕೂಡದೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 46ನೆಯ ಕಲಮು ವಿಧಿಸುತ್ತದೆ.

ಅಣ್ಣನು ಅಂದು ವಾದ ಮಾಡಿದ್ದು ಹಲ್ಲೆಯಾಗಿರಲಿಲ್ಲ. ಸಿಟ್ಟಿನಲ್ಲಿ ಪೇದೆಯವರನ್ನು ತಳ್ಳಿದ್ದರೆ 132ರ ಬಾಗಿಲು ತೆರೆಯುತ್ತಿತ್ತು. ಕೇಳಿದ ಕಾಗದ ತೋರಿಸಿ, ಕೈ ಕಟ್ಟಿಕೊಂಡು, ಹೇಳಬೇಕಾದುದನ್ನು ಸಮಾಧಾನದಿಂದ ಹೇಳಿ, ಅನ್ಯಾಯವಾಗಿದ್ದರೆ ಮೇಲಧಿಕಾರಿಗಳಿಗೆ ಬರೆದು ಕೊಡುವುದೇ ನಮಗಿರುವ ದಾರಿ. ಇದನ್ನೆಲ್ಲ ಓದಿ ಹೇಳಿದ ಮೇಲೆ ಅಣ್ಣ ಮತ್ತೆ ಪುಸ್ತಕ ಹಿಡಿದ. ಹೆಲ್ಮೆಟ್ ಇಲ್ಲದೆ ಈಗ ಅವನು ಹೊಸ್ತಿಲು ದಾಟುವುದಿಲ್ಲ.