ಮೃಗಾಲಯ, ಸಫಾರಿಗೆ ಹೊರಟವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಶನಿವಾರ, ಭಾನುವಾರ ಮಕ್ಕಳನ್ನು ಕಟ್ಟಿಕೊಂಡು ಮೈಸೂರು, ಬನ್ನೇರುಘಟ್ಟ, ತ್ಯಾವರೆಕೊಪ್ಪ, ಬಂಡೀಪುರಕ್ಕೆ ಹೊರಡುವವರು ಇದನ್ನು ಓದಿ ಹೊರಡಿ. ಪ್ರಾಣಿಗೂ ನಿಮಗೂ ನಡುವೆ ಒಂದು ಬೇಲಿ, ಕಂದಕ, ಗಾಜು ಅಥವಾ ಜಾಲರಿ ಇರುತ್ತದೆ. ಅದನ್ನು ದಾಟಿದರೆ ಸಾವು ಸಂಭವಿಸಬಹುದು. ಸಾಯುವುದು ಮನುಷ್ಯನೇ ಆಗಬೇಕೆಂದಿಲ್ಲ, ಪ್ರಾಣಿಯೂ ಆಗಬಹುದು.

ಮನೆ ಬಿಡುವ ಮೊದಲು

ಮಾಡಬೇಕಾದ್ದು

- ವಾರದ ರಜೆ ಯಾವತ್ತು ಎಂದು ನೋಡಿಕೊಳ್ಳಿ. ಮೈಸೂರು ಮೃಗಾಲಯಕ್ಕೂ ಬನ್ನೇರುಘಟ್ಟಕ್ಕೂ ಮಂಗಳವಾರ ರಜೆ.
- ಕಾಡಿನ ಸಫಾರಿ ನಡೆಯುತ್ತಿದೆಯೇ ಎಂದು ಅದೇ ವಾರ ಕೇಳಿ ತಿಳಿದುಕೊಳ್ಳಿ. 2025ರ ನವೆಂಬರ್‌ನಲ್ಲಿ ಹುಲಿ ದಾಳಿಗಳಾದ ಮೇಲೆ ಬಂಡೀಪುರ, ನಾಗರಹೊಳೆ ಎರಡರಲ್ಲೂ ಸಫಾರಿ ನಿಲ್ಲಿಸಲಾಗಿತ್ತು.
- ಟಿಕೆಟನ್ನು ಅಧಿಕೃತ ಜಾಲತಾಣದಲ್ಲಿ ಅಥವಾ ಕೌಂಟರಿನಲ್ಲೇ ಕೊಳ್ಳಿ.
- ಯಾವ ಮಗು ಯಾರ ಹೊಣೆ ಎಂದು ಮನೆಯಲ್ಲೇ ಗೊತ್ತು ಮಾಡಿಕೊಳ್ಳಿ. ಎಲ್ಲರೂ ನೋಡಿಕೊಳ್ಳುತ್ತಾರೆ ಅಂದರೆ ಯಾರೂ ನೋಡಿಕೊಳ್ಳುವುದಿಲ್ಲ.
- ಮಗುವಿನ ಜೇಬಿನಲ್ಲಿ ನಿಮ್ಮ ಮೊಬೈಲ್ ನಂಬರ್ ಬರೆದ ಚೀಟಿ ಇಡಿ.
- ನೀರನ್ನು ಸ್ಟೀಲ್ ಬಾಟಲಿಯಲ್ಲಿ ಒಯ್ಯಿರಿ.
- ಕಾಡಿಗಾದರೆ ಮಣ್ಣಿನ ಬಣ್ಣದ, ಮಾಸಲು ಹಸಿರಿನ ಬಟ್ಟೆ ಹಾಕಿ.

ಮಾಡಬಾರದ್ದು

- ಜ್ವರ, ಕೆಮ್ಮು, ನೆಗಡಿ ಇರುವಾಗ ಹೊರಡುವುದು ಬೇಡ.
- ಸಾಕುನಾಯಿಯನ್ನು ಕರೆತರುವುದು ಬೇಡ. ಕಾರಿನಲ್ಲಿ ಬಿಟ್ಟು ಒಳಗೆ ಹೋಗುವುದಂತೂ ಬೇಡವೇ ಬೇಡ.
- ಡ್ರೋನ್, ಪಟಾಕಿ, ಬ್ಲೂಟೂತ್ ಸ್ಪೀಕರ್ ತರಬಾರದು.
- ಮದ್ಯ ಕುಡಿದು ಬರಬಾರದು.
- ‘ಹುಲಿ ಗ್ಯಾರಂಟಿ ಸರ್’ ಎನ್ನುವ ದಲ್ಲಾಳಿಗೆ ದುಡ್ಡು ಕೊಡಬಾರದು. ಹುಲಿಯ ಗ್ಯಾರಂಟಿ ಯಾರೂ ಕೊಡಲಾರರು.

ನೆಗಡಿಗೆ ಇಷ್ಟು ಕಟ್ಟುನಿಟ್ಟೇ ಎನ್ನುವವರಿಗೆ ಒಂದು ಮಾತು. ಮನುಷ್ಯರ ಉಸಿರಾಟದ ರೋಗಗಳು ಪ್ರಾಣಿಗಳಿಗೂ ಹತ್ತುತ್ತವೆ. 2021ರ ಮೇ ತಿಂಗಳಲ್ಲಿ ಹೈದರಾಬಾದಿನ ನೆಹರೂ ಮೃಗಾಲಯದ 8 ಸಿಂಹಗಳಿಗೆ ಕೋವಿಡ್ ದೃಢಪಟ್ಟಿತು. ಮುಂದಿನ ತಿಂಗಳು ಚೆನ್ನೈ ಬಳಿಯ ವಂಡಲೂರಿನಲ್ಲಿ ಸೋಂಕಿತ ಸಿಂಹಿಣಿಯೊಂದು ಸತ್ತಿತು. ಮೈಸೂರಿನ ಗೊರಿಲ್ಲಾ, ಚಿಂಪಾಂಜಿ, ಒರಾಂಗುಟಾನ್‌ಗಳು ಮನುಷ್ಯರಿಗೆ ಇನ್ನೂ ಹತ್ತಿರದ ಜೀವಿಗಳು. ನಿಮಗೆ ಮೂರು ದಿನದಲ್ಲಿ ವಾಸಿಯಾಗುವ ಶೀತ ಅವಕ್ಕೆ ನ್ಯುಮೋನಿಯಾ ಆಗಬಹುದು.

ಮೃಗಾಲಯದೊಳಗೆ: ಮಕ್ಕಳು

ಮಾಡಬೇಕಾದ್ದು

- ಐದು ವರ್ಷದೊಳಗಿನ ಮಗುವಿನ ಕೈ ಹಿಡಿದೇ ನಡೆಯಿರಿ.
- ಮಗುವಿಗೆ ಕಾಣುತ್ತಿಲ್ಲವಾದರೆ ಕಟಕಟೆಯಿಂದ ಎರಡು ಹೆಜ್ಜೆ ಹಿಂದೆ ಸರಿದು ಸೊಂಟದ ಮೇಲೆ ಎತ್ತಿಕೊಳ್ಳಿ.
- ಜನ ಮುಗಿಬಿದ್ದ ಕಡೆ ಕಾಯಿರಿ. ಹುಲಿ ಎಲ್ಲಿಗೂ ಹೋಗುವುದಿಲ್ಲ.
- ಮಗು ಕಳೆದುಹೋದರೆ ಮೊದಲು ಹತ್ತಿರದ ಸಿಬ್ಬಂದಿಗೆ ತಿಳಿಸಿ, ಆಮೇಲೆ ಹುಡುಕಿ.
- ಮುಖ್ಯ ದ್ವಾರವೇ ಸೇರುವ ಜಾಗವೆಂದು ಮಕ್ಕಳಿಗೆ ಮೊದಲೇ ತೋರಿಸಿ.

ಮಾಡಬಾರದ್ದು

- ಮಗುವನ್ನು ಕಟಕಟೆಯ ಮೇಲೆ ಕೂರಿಸಬಾರದು.
- ಕಟಕಟೆಯ ಮೇಲೆ ನಿಲ್ಲಿಸಬಾರದು.
- ಕಟಕಟೆಯಾಚೆಗೆ ಕಾಲು ಇಳಿಬಿಡಿಸಿ ಫೋಟೊ ತೆಗೆಯಬಾರದು. ‘ಒಂದೇ ಸೆಕೆಂಡು’ ಎಂದು ಸಹ ತೆಗೆಯಬಾರದು.
- ಹೆಗಲ ಮೇಲೆ ಕೂರಿಸಿಕೊಂಡು ಕಂದಕದತ್ತ ಬಾಗಬಾರದು.
- ಹುಲಿ, ಸಿಂಹ, ಚಿರತೆಯ ಆವರಣದ ಮುಂದೆ ಮಕ್ಕಳನ್ನು ಓಡಾಡಲು ಬಿಡಬಾರದು. ಬೆನ್ನು ತಿರುಗಿಸಿ ಓಡುವ ಸಣ್ಣ ಮೈ ಕಂಡರೆ ಅವುಗಳ ಬೇಟೆಯ ಬುದ್ಧಿ ಎದ್ದು ನಿಲ್ಲುತ್ತದೆ.
- ಬಿದ್ದ ಚಪ್ಪಲಿ, ಟೋಪಿ, ಮೊಬೈಲ್ ಎತ್ತಲು ಬೇಲಿಯೊಳಗೆ ಕೈ ಹಾಕುವುದು ಬೇಡ.

2016ರ ಮೇ ತಿಂಗಳಲ್ಲಿ ಅಮೆರಿಕದ ಸಿನ್ಸಿನಾಟಿ ಮೃಗಾಲಯದಲ್ಲಿ ಮೂರು ವರ್ಷದ ಮಗು ಬೇಲಿ ನುಸುಳಿ ಗೊರಿಲ್ಲಾದ ಕಂದಕಕ್ಕೆ ಬಿತ್ತು. ಮಗು ಉಳಿಯಿತು. ಹರಾಂಬೆ ಎಂಬ ಗೊರಿಲ್ಲಾವನ್ನು ಗುಂಡಿಟ್ಟು ಕೊಂದರು. ಅರಿವಳಿಕೆ ಚುಚ್ಚುಮದ್ದು ಹಾರಿಸಬಹುದಿತ್ತಲ್ಲ ಎಂದು ಆಮೇಲೆ ಬಹಳ ಜನ ಕೇಳಿದರು. ಆ ಮದ್ದು ಹತ್ತಲು ಹಲವು ನಿಮಿಷ ಬೇಕು. ಸೂಜಿ ಚುಚ್ಚಿದ ಪ್ರಾಣಿ ಅಷ್ಟರಲ್ಲಿ ಕೆರಳುತ್ತದೆ. ಮಗು ಅದರ ಕೈಯಲ್ಲಿರುವಾಗ ಅಷ್ಟು ನಿಮಿಷ ಯಾರ ಬಳಿಯೂ ಇರುವುದಿಲ್ಲ.

ಮೃಗಾಲಯದೊಳಗೆ: ದೊಡ್ಡವರು

ಬೇಲಿ ಹಾರುವವರು ಮಕ್ಕಳಲ್ಲ, ದೊಡ್ಡವರು. 2014ರ ಸೆಪ್ಟೆಂಬರ್‌ನಲ್ಲಿ ದೆಹಲಿ ಮೃಗಾಲಯದ ಬಿಳಿಹುಲಿಯ ಕಂದಕಕ್ಕೆ ಬಿದ್ದ ಯುವಕ ಸತ್ತ. 2024ರ ಫೆಬ್ರವರಿಯಲ್ಲಿ ತಿರುಪತಿಯ ಮೃಗಾಲಯದಲ್ಲಿ ಸಿಂಹದ ಆವರಣಕ್ಕೆ ಇಳಿದವನೂ ಸತ್ತ.

ಮಾಡಬೇಕಾದ್ದು

- ಹಳದಿ ಗೆರೆ, ತಡೆಗಂಬಿ, ಹಗ್ಗ ಎಲ್ಲಿದೆಯೋ ಅದರ ಈಚೆಗೇ ನಿಲ್ಲಿ.
- ಕೀಪರ್ ಹೇಳಿದ್ದನ್ನು ಹೇಳಿದ ಕ್ಷಣವೇ ಮಾಡಿ. ಕಾರಣ ಆಮೇಲೆ ಕೇಳಿ.
- ಯಾರಾದರೂ ಆವರಣಕ್ಕೆ ಬಿದ್ದರೆ ಹತ್ತಿರದ ಕೀಪರನ್ನು ಕೂಗಿ ಕರೆಯಿರಿ.
- ಬಿದ್ದವನಿಗೆ ಅಲುಗಾಡದಿರಲು, ಓಡದಿರಲು ಒಬ್ಬರೇ ಹೇಳಿ.
- ಉಳಿದವರನ್ನು ಹಿಂದೆ ಸರಿಸಿ, ಸಿಬ್ಬಂದಿಗೆ ದಾರಿ ಬಿಡಿ.
- ನಿಮ್ಮ ಕಸವನ್ನು ಬುಟ್ಟಿಗೇ ಹಾಕಿ. ಬುಟ್ಟಿ ತುಂಬಿದ್ದರೆ ಚೀಲದಲ್ಲಿಟ್ಟು ಹೊರಗೆ ಒಯ್ಯಿರಿ.
- ಬಾಟಲಿಗೆ ಠೇವಣಿ ಕೇಳಿದರೆ ವಾದ ಮಾಡದೆ ಕೊಡಿ.

ಮಾಡಬಾರದ್ದು

- ಸೆಲ್ಫಿಗಾಗಿ ತಡೆಗಂಬಿ ದಾಟಬಾರದು. ಫೋಟೊ ಚೆನ್ನಾಗಿ ಬರಲಿಲ್ಲ ಅಂದರೆ ಬರಲಿಲ್ಲ, ಅಷ್ಟೆ.
- ಮಲಗಿದ ಪ್ರಾಣಿಯನ್ನು ಎಬ್ಬಿಸಲು ಕಲ್ಲು, ಕಡ್ಡಿ, ನೀರು ಎರಚಬಾರದು. ಹುಲಿ, ಸಿಂಹ ಹಗಲಿನ ಬಹುಪಾಲು ಮಲಗಿಯೇ ಇರುತ್ತವೆ, ನಿಮ್ಮ ಟಿಕೆಟ್ಟಿಗೆ ಮೋಸವೇನೂ ಆಗಿಲ್ಲ.
- ಶಿಳ್ಳೆ, ಚಪ್ಪಾಳೆ, ಗರ್ಜನೆಯ ಅನುಕರಣೆ ಬೇಡ.
- ಹಾವಿನ ಮನೆಯ ಗಾಜು ಬಡಿಯಬಾರದು. ಬಡಿದ ಕಂಪನ ಹಾವಿನ ದವಡೆಗೆ ತಟ್ಟುತ್ತದೆ. ಅದು ಗಾಜಿಗೆ ಅಪ್ಪಳಿಸಿ ಮೂತಿ ಗಾಯ ಮಾಡಿಕೊಳ್ಳುತ್ತದೆ.
- ಮಂಗ, ಚಿಂಪಾಂಜಿಯ ಕಣ್ಣಿಗೆ ಕಣ್ಣಿಟ್ಟು ದಿಟ್ಟಿಸಬಾರದು. ನಿಮಗೆ ಅದು ಆಟ, ಅವಕ್ಕೆ ಅದು ಜಗಳದ ಕರೆ.
- ಫ್ಲಾಶ್ ಬೇಡ.
- ಯಾರಾದರೂ ಕಂದಕಕ್ಕೆ ಬಿದ್ದಾಗ ಕಲ್ಲೆಸೆಯುವುದು, ಗದ್ದಲ ಎಬ್ಬಿಸುವುದು ಬೇಡ. ದೆಹಲಿಯಲ್ಲಿ ಮೇಲಿನಿಂದ ಜನ ಕಲ್ಲೆಸೆದು ಕೂಗಾಡಿದರೆಂದು ಆಗ ವರದಿಯಾಗಿತ್ತು.
- ಅಂಥ ಹೊತ್ತಿನಲ್ಲಿ ವಿಡಿಯೊ ಮಾಡುತ್ತ ನಿಲ್ಲಬಾರದು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮೃಗಾಲಯದ ಪ್ರಾಣಿಯನ್ನು ಕೆಣಕುವುದು, ಗಾಯಗೊಳಿಸುವುದು, ಅದಕ್ಕೆ ತಿನ್ನಿಸುವುದು, ಗದ್ದಲದಿಂದ ಕಾಡುವುದು, ಆವರಣದಲ್ಲಿ ಕಸ ಹಾಕುವುದು ಎಲ್ಲವೂ ಅಪರಾಧ. ಆರು ತಿಂಗಳವರೆಗೆ ಜೈಲು ಆಗಬಹುದು.

ತಿಂಡಿ

ಇಲ್ಲಿ ಮಾಡಬೇಕಾದ್ದು ಒಂದೇ: ತಿಂಡಿಯನ್ನು ಕ್ಯಾಂಟೀನಿನಲ್ಲೇ ತಿಂದು ಮುಗಿಸಿ.

ಮಾಡಬಾರದ್ದು

- ಯಾವ ಪ್ರಾಣಿಗೂ ಏನನ್ನೂ ಕೊಡಬಾರದು. ಬಾಳೆಹಣ್ಣು, ಕಡಲೆಕಾಯಿ, ದೇವರ ಪ್ರಸಾದ ಯಾವುದೂ ಬೇಡ.
- ಜಿಂಕೆಗೆ ಬಿಸ್ಕತ್ತು, ಬ್ರೆಡ್ಡು ಎಸೆಯಬಾರದು. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆ ಸೊಪ್ಪು, ಹುಲ್ಲಿಗೆ ಹೊಂದಿಕೊಂಡದ್ದು. ಹಿಟ್ಟು, ಸಕ್ಕರೆ ಬಿದ್ದರೆ ಅದು ಬೇಗ ಹುಳಿಯುತ್ತದೆ, ಆಮ್ಲ ಏರುತ್ತದೆ, ಹೊಟ್ಟೆ ಉಬ್ಬುತ್ತದೆ, ಪ್ರಾಣಿ ಮಲಗಿಬಿಡುತ್ತದೆ.
- ಚಿಪ್ಸ್ ಪೊಟ್ಟಣ ಬಿಸಾಡಬಾರದು. ಉಪ್ಪಿನ ವಾಸನೆಗೆ ಜಿಂಕೆ ಅದನ್ನು ಪೊಟ್ಟಣ ಸಮೇತ ನುಂಗುತ್ತದೆ. ಪ್ಲಾಸ್ಟಿಕ್ ಹೊಟ್ಟೆಯಿಂದ ಮುಂದಕ್ಕೆ ಹೋಗದೆ ಅಲ್ಲೇ ಗಂಟು ಕಟ್ಟುತ್ತದೆ.
- ದಾರಿಬದಿಯ ಕೋತಿಗಳ ಎದುರು ಕ್ಯಾರಿಬ್ಯಾಗ್ ಹಿಡಿದು ನಡೆಯುವುದು ಬೇಡ. ಸರಬರ ಸದ್ದಿಗೆ ಅವು ಓಡಿ ಬರುತ್ತವೆ.
- ಕೋತಿ ಕಸಿದುಕೊಂಡದ್ದನ್ನು ಮತ್ತೆ ಕಿತ್ತುಕೊಳ್ಳಲು ಹೋಗಬಾರದು.

ಸಫಾರಿ ಬಸ್ಸು, ಜೀಪಿನಲ್ಲಿ

ಮೃಗಾಲಯದಲ್ಲಿ ಬೇಲಿಯ ಒಳಗಿರುವುದು ಪ್ರಾಣಿ. ಸಫಾರಿಯಲ್ಲಿ ಒಳಗಿರುವುದು ನೀವು. ಇದನ್ನು ಬಸ್ಸು ಹತ್ತುವಾಗಲೇ ತಲೆಯಲ್ಲಿಟ್ಟುಕೊಳ್ಳಿ.

ಬನ್ನೇರುಘಟ್ಟದ ಚಿರತೆ ಸಫಾರಿ ಶುರುವಾದದ್ದು 2024ರಲ್ಲಿ. 2025ರ ಆಗಸ್ಟ್‌ನಲ್ಲಿ ಅಲ್ಲಿ ಜೀಪಿನ ಕಿಟಕಿಯ ಮೂಲಕ ಚಿರತೆ ಒಬ್ಬ ಬಾಲಕನ ಕೈ ಪರಚಿತು. ಅದೇ ವರ್ಷ ನವೆಂಬರ್‌ನಲ್ಲಿ ಬಸ್ಸಿನಲ್ಲಿ ಕೂತಿದ್ದ ಮಹಿಳೆಯ ಕೈಗೆ ಗಾಯವಾಯಿತು. ಹುಲಿಗಿಂತ ಚಿರತೆ ಹಗುರ, ಮರ ಹತ್ತುತ್ತದೆ, ನಿಂತ ವಾಹನದ ಮೇಲಕ್ಕೂ ಹಾರುತ್ತದೆ. ಅದರ ಪಂಜ ಉಗುರು ಚಾಚುವ ಮುನ್ನ ನಿಮ್ಮ ಮುಷ್ಟಿಯಷ್ಟೇ ಕಾಣುತ್ತದೆ. ಮೊಬೈಲ್ ತೂರುವ ಕಿಂಡಿಯಲ್ಲಿ ಅದೂ ತೂರುತ್ತದೆ.

ಮಾಡಬೇಕಾದ್ದು

- ಹೊರಡುವ ಮೊದಲೇ ನಿಮ್ಮ ಕಿಟಕಿಯ ಗಾಜು, ಜಾಲರಿ ಕೈಯಿಂದ ಅಲುಗಿಸಿ ನೋಡಿ.
- ಸಡಿಲವಿದ್ದರೆ, ಕಿಂಡಿ ಇದ್ದರೆ ಚಾಲಕರಿಗೆ ತೋರಿಸಿ, ಬೇರೆ ಸೀಟು ಕೇಳಿ.
- ಮಕ್ಕಳನ್ನು ಕಿಟಕಿ ಪಕ್ಕದ ಸೀಟಿನಿಂದ ಒಳಗಿನ ಸೀಟಿಗೆ ಸರಿಸಿ. ಅಳುತ್ತಾರೆ, ಅಳಲಿ.
- ಚಿರತೆ, ಹುಲಿ ವಾಹನದ ಹತ್ತಿರ ಬಂದ ಕೂಡಲೇ ಗಾಜು ಏರಿಸಿ, ಕೈಗಳನ್ನು ಮಡಿಲಿಗೆ ತನ್ನಿ.
- ಸಫಾರಿ ಆವರಣದ ಎರಡು ಗೇಟುಗಳ ನಡುವೆ ನಿಂತಿರುವಾಗಲೂ ಗಾಜು ಮುಚ್ಚಿಯೇ ಇರಿ.
- ವಾಹನ ಕೆಟ್ಟರೆ ಒಳಗೇ ಕೂತಿರಿ, ಇನ್ನೊಂದು ವಾಹನ ಬರುವವರೆಗೆ.

ಮಾಡಬಾರದ್ದು

- ಕೈ, ತಲೆ, ಮೊಬೈಲ್, ಸೆಲ್ಫಿ ಕೋಲು ಹೊರಗೆ ಚಾಚಬಾರದು.
- ಜಾಲರಿಗೆ ಬೆರಳು ಸಿಕ್ಕಿಸಿ ಹಿಡಿಯುವುದು ಬೇಡ. ಒರಗಿ ಕೂರುವುದೂ ಬೇಡ.
- ವಾಹನದಿಂದ ಇಳಿಯಲೇಬಾರದು. ಮೂತ್ರಕ್ಕೂ ಇಲ್ಲ, ಬಿದ್ದ ಲೆನ್ಸ್ ಕ್ಯಾಪಿಗೂ ಇಲ್ಲ.
- ತೆರೆದ ಜೀಪಿನಲ್ಲಿ ಎದ್ದು ನಿಲ್ಲಬಾರದು. ಕೂತವರನ್ನೂ ವಾಹನವನ್ನೂ ಒಂದೇ ಆಕಾರವಾಗಿ ನೋಡಿ ಅಭ್ಯಾಸವಾದ ಪ್ರಾಣಿಗೆ ಎದ್ದು ನಿಂತ ಮನುಷ್ಯ ಬೇರೆಯೇ ಆಗಿ ಕಾಣುತ್ತಾನೆ.
- ‘ಇನ್ನೂ ಹತ್ತಿರ ಹೋಗಿ’ ಎಂದು ಚಾಲಕರನ್ನು ಒತ್ತಾಯಿಸಬಾರದು.
- ಹತ್ತಿರ ಒಯ್ದದ್ದಕ್ಕೆ ಟಿಪ್ಸ್ ಕೊಡಬಾರದು. ಈ ದುರಭ್ಯಾಸ ಬೆಳೆಸಿದವರು ನಾವೇ ಪ್ರವಾಸಿಗರು.
- ಹುಲಿ ಕಂಡಾಗ ಕಿರುಚುವುದು ಬೇಡ.

ಕಾಡಿನ ರಸ್ತೆಯಲ್ಲಿ ನಿಮ್ಮದೇ ಕಾರು

ಟಿಕೆಟಿಲ್ಲ, ಗೈಡ್ ಇಲ್ಲ, ಜಾಲರಿಯಿಲ್ಲ. ಬಂಡೀಪುರದ ಮೂಲಕ ಊಟಿಗೋ ವಯನಾಡಿಗೋ ಹೋಗುವವರು ಇಲ್ಲಿ ಹೆಚ್ಚು ಎಚ್ಚರವಿರಬೇಕು. 2025ರ ಆಗಸ್ಟ್‌ನಲ್ಲಿ ಈ ದಾರಿಯಲ್ಲಿ ಸೆಲ್ಫಿಗೆಂದು ಇಳಿದವನನ್ನು ಕಾಡಾನೆ ಅಟ್ಟಿಸಿಕೊಂಡು ಬಂದು ತುಳಿಯಿತು. ಆತ ಬದುಕಿದ್ದು ಅದೃಷ್ಟ. ಅರಣ್ಯ ಇಲಾಖೆ 25,000 ರೂಪಾಯಿ ದಂಡವನ್ನೂ ಹಾಕಿತು.

ಮಾಡಬೇಕಾದ್ದು

- ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂಡೀಪುರದ ಹೆದ್ದಾರಿಯಲ್ಲಿ ಸಂಚಾರ ನಿಷೇಧ. ಅದಕ್ಕೂ ಮೊದಲೇ ಚೆಕ್‌ಪೋಸ್ಟ್ ದಾಟಿ.
- ಪೆಟ್ರೋಲ್, ಟೈರು, ಶೌಚ ಎಲ್ಲ ಗುಂಡ್ಲುಪೇಟೆಯಲ್ಲೇ ಮುಗಿಸಿಕೊಳ್ಳಿ.
- ಆನೆ ರಸ್ತೆಯಲ್ಲಿದ್ದರೆ ದೂರದಲ್ಲೇ ನಿಲ್ಲಿಸಿ, ಎಂಜಿನ್ ಚಾಲೂ ಇರಲಿ.
- ಕಿವಿ ಅಗಲಿಸಿ ನಿಶ್ಚಲವಾಗಿ ನಿಂತರೆ, ಸೊಂಡಿಲು ಸುತ್ತಿಕೊಂಡರೆ, ಬಾಲ ಬಿಗಿದರೆ ನಿಧಾನವಾಗಿ ಹಿಂದಕ್ಕೆ ತೆಗೆಯಿರಿ.
- ಮರಿಯಿದ್ದರೆ ಇಡೀ ಹಿಂಡು ದಾಟುವವರೆಗೆ ಕಾಯಿರಿ.

ಮಾಡಬಾರದ್ದು

- ಹಾರನ್ ಒತ್ತಬಾರದು. ಲೈಟು ಮಿಣುಕಿಸಬಾರದು.
- ಹಿಂಡಿನ ನಡುವೆ ನುಗ್ಗಿ ದಾಟುವುದು ಬೇಡ.
- ಮುಂದಿನ ಕಾರು ನಿಂತಿದೆ ಎಂದು ನೀವೂ ಇಳಿಯುವುದು ಬೇಡ.
- ಆನೆಗೆ ಕಬ್ಬು, ಕ್ಯಾರೆಟ್ ಎಸೆಯಬಾರದು. ಚಾಮರಾಜನಗರದಿಂದ ಸತ್ಯಮಂಗಲದ ಕಡೆಗೆ ಹೋಗುವ ದಾರಿಯಲ್ಲಿ ಕಬ್ಬಿನ ಲಾರಿಗಳನ್ನು ಆನೆಗಳು ಅಡ್ಡಗಟ್ಟುತ್ತವೆ. ರುಚಿ ಹತ್ತಿದ ಆನೆ ನಾಳೆ ಇನ್ಯಾರದೋ ಕಾರಿನ ಬಾಗಿಲಿಗೆ ಬರುತ್ತದೆ.

ಮಲೆನಾಡಿಗೆ ಹೋಗುವವರಿಗೆ ಮಾತ್ರ

ಡಿಸೆಂಬರಿನಿಂದ ಮೇ ತಿಂಗಳವರೆಗೆ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರಿನ ಕಾಡಂಚಿನಲ್ಲಿ ಉಣ್ಣೆಯಿಂದ ಮಂಗನ ಕಾಯಿಲೆ ಹರಡುತ್ತದೆ. 1957ರಲ್ಲಿ ಮೊದಲು ಕಾಣಿಸಿಕೊಂಡದ್ದೇ ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ.

- ತುಂಬುತೋಳು, ಪೂರ್ತಿ ಕಾಲು ಮುಚ್ಚುವ ಬಟ್ಟೆ ಹಾಕಿ.
- ರೂಮಿಗೆ ಮರಳಿದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ, ಕಂಕುಳು, ತೊಡೆಸಂದು, ಕಿವಿಯ ಹಿಂದೆ ಉಣ್ಣೆ ಇದೆಯೇ ನೋಡಿ.
- ತರಗೆಲೆಯ ಮೇಲೆ ಕೂತು ಊಟ ಮಾಡುವುದು ಬೇಡ.
- ಸತ್ತ ಮಂಗದ ಹತ್ತಿರ ಹೋಗಬಾರದು. ಅರಣ್ಯ ಸಹಾಯವಾಣಿ 1926ಕ್ಕೆ ತಿಳಿಸಿ.
- ವಾರದೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಂದ ಮುಚ್ಚಿಡಬಾರದು.

ಕಚ್ಚಿದರೆ, ಪರಚಿದರೆ

ಕೋತಿ ಕಚ್ಚಿದರೂ ನಾಯಿ ಕಚ್ಚಿದಷ್ಟೇ ಗಂಭೀರ. ರೇಬಿಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಚಿಕಿತ್ಸೆಯಿಲ್ಲ, ಸಾವು ಬಹುತೇಕ ಖಚಿತ. ಲಕ್ಷಣ ಕಾಣುವ ಮೊದಲೇ ಸರಿಯಾಗಿ ಲಸಿಕೆ ಹಾಕಿಸಿಕೊಂಡರೆ ಅದನ್ನು ತಡೆಯಬಹುದು.

ಮಾಡಬೇಕಾದ್ದು

- ಗಾಯವನ್ನು ಹರಿಯುವ ನೀರು, ಸೋಪಿನಿಂದ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿ ತೊಳೆಯಿರಿ.
- ರಕ್ತ ಸುರಿಯುತ್ತಿದ್ದರೆ ಶುಚಿಯಾದ ಬಟ್ಟೆಯಿಂದ ಒತ್ತಿ ಹಿಡಿಯಿರಿ.
- ಮೃಗಾಲಯದ ಸಿಬ್ಬಂದಿಗೆ ತಿಳಿಸಿ, 108ಕ್ಕೆ ಕರೆ ಮಾಡಿ.
- ಅದೇ ದಿನ ಆಸ್ಪತ್ರೆಗೆ ಹೋಗಿ.
- ರಕ್ತ ಬಂದ ಗಾಯವಾದರೆ ಲಸಿಕೆಯ ಜೊತೆ ಇಮ್ಯುನೊಗ್ಲೋಬ್ಯುಲಿನ್ ಬೇಕೇ ಎಂದು ವೈದ್ಯರನ್ನು ನೀವೇ ಕೇಳಿ.
- ಟಿಟಿ ಇಂಜೆಕ್ಷನ್ ಹಿಂದೆ ಯಾವಾಗ ಹಾಕಿಸಿಕೊಂಡಿದ್ದೆಂದು ಹೇಳಿ.

ಮಾಡಬಾರದ್ದು

- ಅರಿಶಿನ, ಸುಣ್ಣ, ಕಾಫಿಪುಡಿ, ಖಾರದಪುಡಿ ಹಚ್ಚಬಾರದು.
- ಗಾಯವನ್ನು ಬಿಗಿಯಾಗಿ ಕಟ್ಟಬಾರದು.
- ‘ಸಣ್ಣ ಗೀರು, ಊರಿಗೆ ಹೋಗಿ ನೋಡೋಣ’ ಎನ್ನುವುದು ಬೇಡ.
- ಮಗು ಬೈಸಿಕೊಳ್ಳುವ ಭಯಕ್ಕೆ ಗಾಯ ಬಚ್ಚಿಡುವಂತೆ ಹೆದರಿಸಬಾರದು.
- ಎರಡು ಡೋಸ್ ಆದ ಮೇಲೆ ‘ಆರಾಮಾಗಿದೆ’ ಎಂದು ನಿಲ್ಲಿಸಬಾರದು. ಚೀಟಿಯಲ್ಲಿ ಬರೆದ ತಾರೀಖಿಗೆ, ಬರೆದಷ್ಟೂ ಡೋಸ್ ಮುಗಿಸಿ.