ದ್ರಾಕ್ಷಿಯ ಶೇಷಾಂಶ ಪರೀಕ್ಷೆ: ದ್ರಾವಕ ಶುದ್ಧವಾಗಿರಬೇಕು, ಏಕೆ?

ದ್ರಾಕ್ಷಿ ಬೆಳೆಗಾರರೇ, ಹಣ್ಣು ಹೊರದೇಶಕ್ಕೆ ಹೋಗಬೇಕಾದರೆ ಬಣ್ಣ, ಗಾತ್ರ, ಸಿಹಿ ಇವಿಷ್ಟೇ ಸಾಲವು; ಸಿಂಪಡಿಸಿದ ಔಷಧಿಗಳ ಶೇಷಾಂಶವೂ ಮಿತಿಯೊಳಗಿರಬೇಕು. 2010ರಲ್ಲಿ ಕ್ಲೋರ್‌ಮೆಕ್ವಾಟ್ ಎಂಬ ಬೆಳವಣಿಗೆ ನಿಯಂತ್ರಕದ ಶೇಷ ಕಂಡುಬಂದುದರಿಂದ ಭಾರತದ ದ್ರಾಕ್ಷಿಗೆ ಯೂರೋಪಿನಲ್ಲಿ ತಡೆಯುಂಟಾಯಿತು. ಬೆಳೆಗಾರರು ನಷ್ಟಕ್ಕೊಳಗಾದರು. ಆದುದರಿಂದ ಪರೀಕ್ಷಾ ವರದಿಯ ಅಂಕಿ ಹೇಗೆ ಬರುತ್ತದೆ, ಎಲ್ಲಿ ತಪ್ಪಬಹುದು ಎಂಬುದನ್ನು ನೀವೂ ತಿಳಿದಿರುವುದು ಒಳ್ಳೆಯದು.

ಎಷ್ಟು ಸೂಕ್ಷ್ಮ?

ಪ್ರತ್ಯೇಕ ಮಿತಿ ಗೊತ್ತುಪಡಿಸದ ಔಷಧಿಗಳಿಗೆ ಯೂರೋಪಿನ ಒಕ್ಕೂಟವು ಸಾಮಾನ್ಯವಾಗಿ ಕಿಲೋಗೆ 0.01 ಮಿಲಿಗ್ರಾಂ ಮಿತಿಯನ್ನು ಅನ್ವಯಿಸುತ್ತದೆ. ಅಂದರೆ 10 ಟನ್ನಿನ ಹತ್ತು ಲಾರಿ ದ್ರಾಕ್ಷಿಯಲ್ಲಿ ಕೇವಲ 1 ಗ್ರಾಂ!

ಅಳೆಯುವ ಬಗೆ

ಹಣ್ಣನ್ನು ಅರೆದು, ಈಥೈಲ್ ಅಸಿಟೇಟ್ ಅಥವಾ ಅಸಿಟೋನೈಟ್ರೈಲ್‌ನಂತಹ ದ್ರಾವಕದಲ್ಲಿ ಶೇಷವನ್ನು ಹೊರತೆಗೆಯುತ್ತಾರೆ. ದ್ರವ ಕ್ರೊಮ್ಯಾಟೊಗ್ರಫಿ ಯಂತ್ರದಲ್ಲಿ ನೀರು ಮತ್ತು ಮೆಥನಾಲ್ ಮಿಶ್ರಣವು ಆ ರಸವನ್ನು ಸಣ್ಣ ಕೊಳವೆಯ ಮೂಲಕ ಸಾಗಿಸುತ್ತದೆ. ಒಂದೊಂದು ವಸ್ತು ಒಂದೊಂದು ಹೊತ್ತಿಗೆ ಹೊರಬರುತ್ತದೆ. ಬಳಿಕ ಮಾಸ್ ಸ್ಪೆಕ್ಟ್ರೋಮೀಟರ್ ಅದಕ್ಕೆ ವಿದ್ಯುದಂಶ ಕೊಟ್ಟು, ಅದರ ತೂಕದಿಂದ ಗುರುತು ಹಿಡಿಯುತ್ತದೆ.

ದ್ರಾವಕದ ಕಲ್ಮಶದಿಂದಾಗುವ ತೊಂದರೆಗಳು

1. ಪ್ಲಾಸ್ಟಿಕ್ಕಿನಿಂದ ಇಳಿದ ಥ್ಯಾಲೇಟ್ ಮುಂತಾದ ವಸ್ತುಗಳು ಯಂತ್ರದಲ್ಲಿ ಸದಾ ಸಂಕೇತ ಕೊಡುತ್ತಿರುತ್ತವೆ. ಆ ಗದ್ದಲದಲ್ಲಿ ನಿಜವಾದ ಅಲ್ಪ ಶೇಷ ಮರೆಯಾಗುತ್ತದೆ.

2. ನೀರಿನ ಕಲ್ಮಶಗಳು ಕೊಳವೆಯಲ್ಲಿ ಕೂಡಿಕೊಂಡು, ಮೆಥನಾಲ್ ಪ್ರಮಾಣ ಹೆಚ್ಚಿದಾಗ ಒಟ್ಟಿಗೆ ಹೊರಬರುತ್ತವೆ. ಹಣ್ಣಿನಲ್ಲಿಲ್ಲದ ವಸ್ತು ಇದ್ದಂತೆ ಕಾಣಬಹುದು.

3. ಕಲ್ಮಶವು ಶೇಷಕ್ಕೆ ಸಿಗಬೇಕಾದ ವಿದ್ಯುದಂಶವನ್ನು ಕಸಿದುಕೊಂಡರೆ ಅಂಕಿ ಕಡಿಮೆ ಬರುತ್ತದೆ. ಇದು ಹೆಚ್ಚು ಅಪಾಯಕರ. ಇಲ್ಲಿ ಸರಿಯೆಂದು ಕಳುಹಿಸಿದ ಹಣ್ಣು ಅಲ್ಲಿನ ಬಂದರಿನಲ್ಲಿ ತಿರಸ್ಕೃತವಾಗಬಹುದು.

4. ಗಾಜಿನ ಸೀಸೆಯಿಂದ ಇಳಿದ ಸೋಡಿಯಂ ಶೇಷದೊಡನೆ ಅಂಟಿಕೊಂಡರೆ ಅದರ ತೂಕವೇ ಬೇರೆಯಾಗುತ್ತದೆ. ಹುಡುಕುವ ಜಾಗದಲ್ಲಿ ಸಂಕೇತ ಕುಗ್ಗುತ್ತದೆ.

ಪರಿಹಾರ

ತೂಗುವ ಮೊದಲು ತಕ್ಕಡಿಯ ಬರಿದಾದ ತಟ್ಟೆಗಳು ಸಮವಾಗಿವೆಯೇ ಎಂದು ನೀವು ನೋಡುವಿರಲ್ಲವೇ? ಹಾಗೆಯೇ ಹಣ್ಣಿಲ್ಲದೆ ಬರಿಯ ದ್ರಾವಕವನ್ನು ಯಂತ್ರದಲ್ಲಿ ಓಡಿಸಿ ನೋಡಬೇಕು. ಇದಕ್ಕೆ 'ಬ್ಲ್ಯಾಂಕ್' ಎನ್ನುತ್ತಾರೆ. ಆದರೆ ಇದು ಸೇರಿಕೊಂಡದ್ದನ್ನು ತೋರಿಸೀತೇ ಹೊರತು ಕಸಿದುಕೊಂಡದ್ದನ್ನಲ್ಲ. ಆದ್ದರಿಂದ ಶೇಷವಿಲ್ಲದ ಹಣ್ಣಿಗೆ ಗೊತ್ತಾದ ಪ್ರಮಾಣದ ಔಷಧಿ ಬೆರೆಸಿ, ಎಷ್ಟು ಮರಳಿ ಸಿಕ್ಕಿತೆಂದು ಅಳೆಯುತ್ತಾರೆ. ಸಾಮಾನ್ಯವಾಗಿ ಸರಾಸರಿ ಶೇಕಡ 70ರಿಂದ 120ರಷ್ಟು ಸಿಕ್ಕರೆ ವಿಧಾನ ಒಪ್ಪತಕ್ಕದ್ದು. ಈ ಕೆಲಸಕ್ಕೆಂದೇ ತಯಾರಾದ ಶುದ್ಧ ದ್ರಾವಕವನ್ನೂ ಹೊಸದಾಗಿ ಹಿಡಿದ ನೀರನ್ನೂ ಬಳಸಬೇಕು. ಹಳೆಯ ನೀರಿನಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ.

ನೀವು ಮಾಡಬೇಕಾದುದು

• ಮಾದರಿಯನ್ನು ಹೊಸ, ಶುದ್ಧ ಚೀಲದಲ್ಲೇ ಹಾಕಿರಿ. ಔಷಧಿ ಮುಟ್ಟಿದ ಕೈಯಿಂದ ಹಣ್ಣು ಕೀಳಬೇಡಿ.

• ಮಾದರಿಯನ್ನು ತೊಳೆಯದೆ, ತಂಪಾಗಿರಿಸಿ ಬೇಗ ತಲುಪಿಸಿರಿ.

• ಎನ್.ಎ.ಬಿ.ಎಲ್. ಮಾನ್ಯತೆಯುಳ್ಳ ಪ್ರಯೋಗಶಾಲೆಯನ್ನೇ ಆರಿಸಿರಿ.

• 'ಶೇಷ ಪತ್ತೆಯಾಗಿಲ್ಲ' ಎಂದಿದ್ದರೆ ಎಷ್ಟು ಪ್ರಮಾಣದವರೆಗೆ ಅಳೆಯಬಲ್ಲರೆಂದು ಕೇಳಿರಿ. ಬ್ಲ್ಯಾಂಕ್ ಹಾಗೂ ಮರಳಿ ಸಿಕ್ಕ ಪ್ರಮಾಣವನ್ನೂ ವಿಚಾರಿಸಿರಿ.

• ಅಂಕಿಯು ನಿಮ್ಮ ಸಿಂಪಡಣೆ ದಾಖಲೆಗೆ ಹೊಂದದಿದ್ದರೆ ಮರುಪರೀಕ್ಷೆ ಕೋರಿರಿ.

ಹಣ್ಣು ಎಷ್ಟೇ ಶುದ್ಧವಾಗಿರಲಿ, ಅಳೆಯುವ ದ್ರಾವಕ ಶುದ್ಧವಿಲ್ಲದಿದ್ದರೆ ವರದಿಯನ್ನು ನಂಬುವಂತಿಲ್ಲ.