ನೆಲದ ಗಡಸುತನವನ್ನು ಅಳೆಯುವುದು ಹೇಗೆ?

ಮಳೆ ಬಿದ್ದ ಕೆಲವೇ ದಿನಗಳಲ್ಲಿ ಪೈರು ಬಾಡುವುದು, ನೀರು ಇಂಗದೆ ನಿಲ್ಲುವುದು, ಗಿಡವನ್ನು ಕಿತ್ತು ನೋಡಿದರೆ ತಾಯಿಬೇರು ಅಡ್ಡಕ್ಕೆ ತಿರುಗಿರುವುದು - ಇವು ಅನೇಕ ಹೊಲಗಳಲ್ಲಿ ಕಂಡುಬರುವ ಲಕ್ಷಣಗಳು. ನೇಗಿಲು ಓಡುವ ಆಳದ ಕೆಳಗೆ ಗಟ್ಟಿ ಪದರ ಏರ್ಪಟ್ಟಿರುವುದು ಇದಕ್ಕೆ ಕಾರಣವಿರಬಹುದು. ಆದರೆ ಕೇವಲ ಊಹೆಯಿಂದ ಆಳ ಉಳುಮೆಗೆ ಹಣ ಹಾಕುವುದು ಸರಿಯಲ್ಲ. ಮೊದಲು ಗಡಸುತನವನ್ನು ಅಳೆಯಬೇಕು.

ಒತ್ತಿ ಅಳೆಯುವ ತತ್ತ್ವ

ಗುಳಕ್ಕೆ ಹದ ಹಿಡಿದಿದೆಯೇ ಎಂದು ಕಮ್ಮಾರರು ಅರದಿಂದ ಉಜ್ಜಿ ನೋಡುವುದುಂಟು. ಕಾರ್ಖಾನೆಗಳಲ್ಲಿ ಇದನ್ನೇ ಅಂಕಿಗಳಲ್ಲಿ ಹೇಳಬೇಕಾಗುತ್ತದೆ. ಸ್ವೀಡನ್ ದೇಶದ ಎಂಜಿನಿಯರ್ ಬ್ರಿನೆಲ್ 1900ರಲ್ಲಿ ಇದಕ್ಕೊಂದು ವಿಧಾನವನ್ನು ತೋರಿಸಿಕೊಟ್ಟರು. 10 ಮಿ.ಮೀ. ವ್ಯಾಸದ ಗಟ್ಟಿ ಗುಂಡನ್ನು 3,000 ಕಿ.ಗ್ರಾಂ. ಭಾರದಿಂದ ಉಕ್ಕಿನ ಮೇಲೆ ಒತ್ತಿ, ಮೂಡಿದ ಕುಳಿಯ ವ್ಯಾಸವನ್ನು ಅಳೆಯಲಾಗುತ್ತದೆ. ಭಾರವನ್ನು ಕುಳಿಯ ಮೇಲ್ಮೈ ವಿಸ್ತೀರ್ಣದಿಂದ ಭಾಗಿಸಿದರೆ ಬರುವುದೇ ಬ್ರಿನೆಲ್ ಅಂಕ. ಕುಳಿ 4 ಮಿ.ಮೀ. ಇದ್ದರೆ ಅಂಕ 229, 5 ಮಿ.ಮೀ. ಇದ್ದರೆ 143. ಅಂದರೆ ಕುಳಿ ದೊಡ್ಡದಾದಷ್ಟೂ ಲೋಹ ಮೆದು.

ಮಣ್ಣಿಗೂ ಅದೇ ತತ್ತ್ವ

ಮಣ್ಣನ್ನು ಪರೀಕ್ಷಿಸುವ ಸಾಧನಕ್ಕೆ ಪೆನೆಟ್ರೋಮೀಟರ್ ಎಂದು ಹೆಸರು. ಉಕ್ಕಿನ ಸರಳಿನ ತುದಿಯಲ್ಲಿ 30 ಡಿಗ್ರಿ ಕೋನದ ಶಂಕು ಇರುತ್ತದೆ. ಶಂಕುವಿನ ತಳದ ವ್ಯಾಸ ಸುಮಾರು 2 ಸೆಂ.ಮೀ., ವಿಸ್ತೀರ್ಣ ಸುಮಾರು 3.2 ಚದರ ಸೆಂ.ಮೀ. ಸರಳಿಗೆ ಮಣ್ಣು ಉಜ್ಜಿ ಲೆಕ್ಕ ತಪ್ಪದಿರಲೆಂದು ಅದನ್ನು ಶಂಕುವಿಗಿಂತ ತೆಳ್ಳಗೆ ಮಾಡಿರುತ್ತಾರೆ. ಇದನ್ನು ಸೆಕೆಂಡಿಗೆ 3 ಸೆಂ.ಮೀ.ನಂತೆ ಸಮವೇಗದಲ್ಲಿ ನೆಟ್ಟಗೆ ಒತ್ತಬೇಕು. ಬೇಕಾದ ಒತ್ತಡ ಚದರ ಸೆಂ.ಮೀ.ಗೆ ಸುಮಾರು 20 ಕಿ.ಗ್ರಾಂ. ಮೀರಿದರೆ ಹೆಚ್ಚಿನ ಬೆಳೆಗಳ ಬೇರು ಅಲ್ಲಿ ಮುಂದುವರಿಯಲಾರದು. 20ನ್ನು 3.2ರಿಂದ ಗುಣಿಸಿದರೆ 64. ಎಂದರೆ 64 ಕಿ.ಗ್ರಾಂ. ತೂಗುವ ವ್ಯಕ್ತಿ ತನ್ನ ಪೂರ್ತಿ ಭಾರ ಹಾಕಿದರೂ ಸರಳು ಇಳಿಯದಿದ್ದರೆ, ಬೇರಿಗೂ ಅಲ್ಲಿ ದಾರಿ ಇಲ್ಲವೆಂದು ತಿಳಿಯಬೇಕು.

ಎಚ್ಚರಿಕೆ

ಒಣಗಿದ ಕೆಂಪು ಮಣ್ಣು ಎಲ್ಲಿ ಒತ್ತಿದರೂ ಗಟ್ಟಿಯೇ. ಬೇಸಿಗೆಯಲ್ಲಿ ಪರೀಕ್ಷಿಸಿ ಗಟ್ಟಿ ಪದರವಿದೆಯೆಂದು ನಿರ್ಧರಿಸಿದರೆ ಮೋಸ ಹೋಗುತ್ತೀರಿ. ಚೆನ್ನಾಗಿ ನೆನೆಯುವಂತೆ ಮಳೆಯಾದ ಎರಡು-ಮೂರು ದಿನಗಳ ನಂತರ, ಹೆಚ್ಚುವರಿ ನೀರು ಬಸಿದ ಮೇಲೆ ಪರೀಕ್ಷಿಸಿರಿ. ಹೊಲದ 10-15 ಕಡೆ ಒತ್ತಿ, ಸರಳು ಬಿಗಿಯಾದ ಆಳವನ್ನು ಬರೆದಿಟ್ಟುಕೊಳ್ಳಿರಿ. ಉಳುಮೆಯಾಗದ ಬದುವಿನ ಪಕ್ಕದಲ್ಲೂ ಒತ್ತಿ ಹೋಲಿಸಿರಿ. ಸರಳಿಗೆ ಕಲ್ಲು ತಗುಲಿದರೆ ಪಕ್ಕದಲ್ಲಿ ಮತ್ತೆ ಒತ್ತಿರಿ. ಹೆಚ್ಚಿನ ಕಡೆಗಳಲ್ಲಿ ಒಂದೇ ಆಳದಲ್ಲಿ ಬಿಗಿಯಾಗಿ, ಅದರ ಕೆಳಗೆ ಸಡಿಲವಾದರೆ ಅದು ಉಳುಮೆಯಿಂದಾದ ಪದರ.

ಪರಿಹಾರ

ಪದರದ ತಳಕ್ಕಿಂತ ಮೂರು-ನಾಲ್ಕು ಸೆಂ.ಮೀ. ಕೆಳಗೆ ಹೋಗುವಂತೆ ಉಳಿ ನೇಗಿಲನ್ನು ಹೊಡೆಯಿರಿ. ಈ ಕೆಲಸಕ್ಕೆ ಮಣ್ಣು ಒಣಗಿರಬೇಕು. ಹಸಿಯಾಗಿದ್ದರೆ ಪದರ ಬಿರಿಯದೆ ಮೆತ್ತಿಕೊಳ್ಳುತ್ತದೆ. ಪದರ ಮತ್ತೆ ಕಟ್ಟದಂತೆ ಹಸಿ ನೆಲದಲ್ಲಿ ಟ್ರಾಕ್ಟರ್ ಓಡಿಸಬೇಡಿರಿ. ಪ್ರತಿ ವರ್ಷ ಒಂದೇ ಆಳದಲ್ಲಿ ಉಳಬೇಡಿರಿ. ಕೊಟ್ಟಿಗೆ ಗೊಬ್ಬರ ಹಾಕಿರಿ.

ಪದರವೇ ಇಲ್ಲವೆಂದು ತಿಳಿದುಬಂದರೆ ಅದೂ ಲಾಭವೇ. ಆಳ ಉಳುಮೆಯ ಖರ್ಚು ಉಳಿಯಿತು. ಪೈರು ಬಾಡುವುದಕ್ಕೆ ಬೇರೆ ಕಾರಣವನ್ನು ಹುಡುಕಿರಿ.